ಸತ್ಯಾಂಶ: ಆರ್ಲಿಂಗ್ಟನ್ ಕಾವಲುಗಾರರು ಸಾಯುವವರೆಗೂ ಕುಡಿಯುವಂತಿಲ್ವಾ?

ಅಮೆರಿಕದ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಅಜ್ಞಾತ ಸೈನಿಕನ ಸಮಾಧಿ ಕಾಯುವವರು ಎರಡು ವರ್ಷ ಸಮಾಧಿಯ ಕೆಳಗೇ ವಾಸ ಇರಬೇಕು, ಸಾಯುವವರೆಗೂ ಕುಡಿಯುವಂತಿಲ್ಲ, ಯಾರನ್ನೂ ಬೈಯುವಂತಿಲ್ಲ ಅಂತ ಒಂದು ಮೆಸೇಜ್ ವರ್ಷಗಳಿಂದ ಸುತ್ತುತ್ತಲೇ ಇದೆ. ಸುಳ್ಳು. ಅವರು ಪಕ್ಕದ ಫೋರ್ಟ್ ಮೈಯರ್ ಬ್ಯಾರಕ್‌ನಲ್ಲೋ, ಹೊರಗೆ ಮನೆ ಮಾಡಿಕೊಂಡೋ ಇರುತ್ತಾರೆ. ಡ್ಯೂಟಿ ಇಲ್ಲದಾಗ, ವಯಸ್ಸು 21 ಆಗಿದ್ದರೆ, ಬಿಯರ್ ಕುಡಿಯೋಕೆ ಅಡ್ಡಿಯಿಲ್ಲ.

ಹಾಗಂತ ಎಲ್ಲವೂ ಬೊಗಳೆಯಲ್ಲ. 21 ಹೆಜ್ಜೆ ನಡೆದು, ತಿರುಗಿ 21 ಸೆಕೆಂಡ್ ನಿಲ್ಲೋದು ನಿಜ, 21 ತೋಪಿನ ಗೌರವದ ಲೆಕ್ಕ ಅದು. ರೈಫಲ್ ಜಾರದಿರಲಿ ಅಂತ ಬಿಳಿ ಗ್ಲೌಸ್ ಒದ್ದೆ ಮಾಡಿಕೊಳ್ಳುವುದೂ ನಿಜ. 1937ರಿಂದ ಹಗಲು ರಾತ್ರಿ ಕಾವಲಿದೆ. ಆದರೆ 2003ರ ಇಸಾಬೆಲ್ ಚಂಡಮಾರುತದಲ್ಲಿ ‘ಜಾಗ ಬಿಡಿ’ ಅನ್ನೋ ಆದೇಶ ಮೀರಿ ನಿಂತರು ಅನ್ನೋದು ಸುಮ್ನೆ ಮಸಾಲೆ. ಅಂಥ ಆದೇಶವೇ ಬಂದಿರಲಿಲ್ಲ.