ಕೇರೆಗೆ ಹಾಲಿಲ್ಲ

ನೀರು ಬಂದಿಲ್ಲ, ಪಂಚಾಯಿತಿಗೆ ಹೋಗಿ ಕೇಳೋಣ ಬನ್ರಪ್ಪ ಅಂದರೆ ನಮ್ಮೂರಲ್ಲಿ ಇಬ್ಬರು ಸೇರುವುದು ಕಷ್ಟ. "ಹಾವು!" ಅಂತ ಒಂದು ಕೂಗು ಹಾಕಿ ನೋಡಿ. ಆಳಿಗೊಂದು ದೊಣ್ಣೆ ಹಿಡಿದು ಇಪ್ಪತ್ತು ಜನ ನಿಂತಿರುತ್ತಾರೆ. ಅದು ನಾಗರವಾದರೆ ದೊಣ್ಣೆಗಳು ಮೆಲ್ಲಗೆ ಕೆಳಗಿಳಿಯುತ್ತವೆ. "ಹೋಗಪ್ಪ, ನಿನ್ನ ದಾರಿ ನೋಡ್ಕೋ" ಅಂತ ಯಾರೋ ಕೈಮುಗಿಯುತ್ತಾರೆ. ಕೇರೆಯಾದರೆ ಅದರ ಕಥೆ ಮುಗೀತು.

ವಿಷ ಇಟ್ಟುಕೊಂಡವನಿಗೆ ಪಂಚಮಿಯಲ್ಲಿ ಹಾಲು, ಅರಳಿಕಟ್ಟೆಯಲ್ಲಿ ಕಲ್ಲು. ತಪ್ಪಿ ಕೊಂದರೆ ನಾಗದೋಷ. ಒಂದು ತೊಟ್ಟೂ ವಿಷವಿಲ್ಲದ ಕೇರೆಗೆ ಹಾಲೂ ಇಲ್ಲ, ದೋಷವೂ ಇಲ್ಲ. ಹೋಗಲಿ, ಗಾದೆಯಲ್ಲಾದರೂ ಜಾಗ ಸಿಕ್ಕಿತಲ್ಲ ಅಂದರೆ, 'ಕೇರೆ ತಿನ್ನುವವರ ಊರಿಗೆ ಹೋದರೆ ನಡುತುಂಡು ನನಗಿರಲಿ' ಅಂತೆ. ಅಲ್ಲೂ ಅದನ್ನು ಕಡಿದೇ ಬಡಿಸಿದ್ದಾರೆ! 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯವರು ಮಾತ್ರ ಭೇದ ಮಾಡಲಿಲ್ಲ. ಕೇರೆ ಕೊಂದರೂ ಅಪರಾಧವೇ. ಆದರೆ ಕಾಯ್ದೆ ಓದಿ ಯಾರು ದೊಣ್ಣೆ ಎತ್ತುತ್ತಾರೆ ಹೇಳಿ.

ಅದರ ಮೇಲಿನ ದೂರುಗಳೋ, ಕೇಳಬೇಡಿ. ಬಾಲದಲ್ಲಿ ಹೊಡೆದರೆ ಮೈ ಕೊಳೆಯುತ್ತದಂತೆ. ಹಸುವಿನ ಕಾಲಿಗೆ ಸುತ್ತಿಕೊಂಡು ಕೆಚ್ಚಲಿನಿಂದ ಹಾಲು ಕುಡಿಯುತ್ತದಂತೆ. ಚೀಪಲು ಹಾವಿಗೆ ತುಟಿಯೇ ಸರಿಯಾಗಿಲ್ಲ. ಕೊಟ್ಟಿಗೆಗೆ ಅದು ಬರುವುದು ಇಲಿ ಹುಡುಕಿಕೊಂಡು. ಹಸು ಒದ್ದು ಹಾಲು ಕಡಿಮೆಯಾದ ದಿನ ಪಾಪ, ಕೇರೆಯ ಮೇಲೆ ಕೇಸು.

ಎರಡು ಹಾವು ಹೆಣೆದುಕೊಂಡು ಎದ್ದು ನಿಂತರೆ ನಾಗರ-ಕೇರೆ ಜೋಡಿ ಅನ್ನುತ್ತಾರಲ್ಲ, ಅದೂ ಸುಳ್ಳು. ಬಹುತೇಕ ಎರಡೂ ಗಂಡು ಕೇರೆಗಳು. ಒಬ್ಬನ ತಲೆಯನ್ನು ಇನ್ನೊಬ್ಬ ನೆಲಕ್ಕೆ ಒತ್ತುವ ಕುಸ್ತಿ ಅದು. ಮೇಲೆ ಹೊಸ ಬಟ್ಟೆ ಹಾಕಿ ತಂದರೆ ಐಶ್ವರ್ಯ ಅಂತ ನಮ್ಮ ದೊಡ್ಡಪ್ಪ ಒಮ್ಮೆ ಹೊಸ ಟವೆಲ್ ಎಸೆದಿದ್ದರು. ಪೈಲ್ವಾನರು ಗದ್ದೆ ಬದುವಿಗೆ ಓಡಿದರು. ಟವೆಲ್ ಬೇಲಿಮುಳ್ಳಿಗೆ ಸಿಕ್ಕಿ ಹರಿಯಿತು. ಐಶ್ವರ್ಯದ ಲೆಕ್ಕ ಅಲ್ಲಿಗೆ ಟವೆಲ್ ಒಂದು ಕಡಿಮೆ.

ಹೋದ ಮಳೆಗಾಲದಲ್ಲಿ ನಮ್ಮ ಹಿತ್ತಿಲ ಸೊಪ್ಪಿನ ಮಡಿಗೆ ಕಟ್ಟಿದ್ದ ನೈಲಾನ್ ಬಲೆಯಲ್ಲಿ ಒಂದು ಸಿಕ್ಕಿಕೊಂಡಿತ್ತು. ಆರಡಿ ಉದ್ದ. ಎಳೆದಷ್ಟೂ ಬಲೆ ಬಿಗಿಯುತ್ತಿತ್ತು. ಕತ್ತು ಉಬ್ಬಿಸಿಕೊಂಡು ಗುರ್ ಅನ್ನುತ್ತಿತ್ತು. ಹಾವು ಗುರುಗುಟ್ಟುತ್ತದೆ ಅಂತ ಗೊತ್ತಾದದ್ದೇ ಅವತ್ತು. ಅಜ್ಜಿ ದೂರದಿಂದಲೇ ಬಗ್ಗಿ ನೋಡಿದರು. ದೊಡ್ಡ ಕಣ್ಣು, ತುಟಿಯಂಚಿನಲ್ಲಿ ಕಪ್ಪು ಗೀಟುಗಳು, ಹೆಡೆ ಇಲ್ಲ. "ಕೇರೆ ಕಣೋ. ಕತ್ತರಿ ತಗೊಂಬಾ" ಅಂದರು. ಗುರುತು ಗ್ಯಾರಂಟಿ ಇಲ್ಲದಿದ್ದರೆ ಅಜ್ಜಿಯೂ ನಾಲ್ಕು ಮಾರು ದೂರವೇ, ಹಾವು ಹಿಡಿಯುವವರಿಗೆ ಫೋನ್.

ಗೋಣಿಚೀಲ ತಲೆಯ ಮೇಲೆ ಹಾಕಿ, ಒಂದೊಂದೇ ಎಳೆ ಕತ್ತರಿಸಿದೆ. ಮೈ ಬೆವರಿ ನೀರಾಗಿತ್ತು. ಕೊನೆಯ ಎಳೆ ಬಿಟ್ಟಿದ್ದೇ ತಡ, ಸರಕ್ಕನೆ ತಿರುಗಿ ನನ್ನ ಹೆಬ್ಬೆರಳು ಕಚ್ಚಿ ಹುಲ್ಲಿನ ಮೆದೆಯೊಳಗೆ ನುಗ್ಗಿತು. ವಿಷವಿಲ್ಲ ನಿಜ. ಉರಿ ಇಲ್ಲ ಅಂತ ಯಾರು ಹೇಳಿದ್ದು? ಅಜ್ಜಿ ಸೋಪು ಹಚ್ಚಿ ತೊಳೆದು, "ಅದಕ್ಕೇನು ಗೊತ್ತು ಪಾಪ" ಅಂದರು. ಆ 'ಪಾಪ' ನನಗಲ್ಲ ಅಂತ ಆಮೇಲೆ ಹೊಳೆಯಿತು.

ರಾಗಿ ಮೂಟೆಗಳ ಹಿಂದೆ ರಾತ್ರಿ ಕೇಳುತ್ತಿದ್ದ ಪರಪರ ಸದ್ದು ಈಗ ಕಡಿಮೆಯಾಗಿದೆ. ಮೆದೆಯ ಪಕ್ಕ ಮೊನ್ನೆ ಒಂದು ಉದ್ದನೆಯ ಪೊರೆ ಸಿಕ್ಕಿತು. ನಾನು ಕತ್ತರಿಸಿದ ತೂತಿನಲ್ಲಿ ಮಾತ್ರ ದಿನಾ ಬೆಳಗ್ಗೆ ಕೋಳಿಗಳು ನುಗ್ಗಿ ದಂಟಿನ ಸೊಪ್ಪು ಮುಗಿಸುತ್ತಿವೆ. ಅತ್ತಿಗೆ ಕೋಳಿಗೂ ಬೈಯುವುದಿಲ್ಲ, ಹಾವಿಗೂ ಬೈಯುವುದಿಲ್ಲ.