ಟೆರಾಬೈಟ್ ಗೆದ್ದಿತು, ಟ್ರಯಲ್ ಬ್ಯಾಲೆನ್ಸ್ ಸೋತಿತು

ತಪ್ಪು ಮಾಡುವಷ್ಟು ದುಡ್ಡಿದ್ದು, ಆ ತಪ್ಪನ್ನು ಹಿಡಿಯುವಷ್ಟು ಜನ ಇಲ್ಲದಿದ್ದರೆ ಅದು ಮಧ್ಯಮ ಗಾತ್ರದ ಕಂಪನಿ. ಅಲ್ಲಿ ವರ್ಷಕ್ಕೊಮ್ಮೆ ಸಮಿತಿ ಕೂರುತ್ತದೆ. ಈ ಸಲ ಕ್ಲೌಡ್ ಸ್ಟೋರೇಜ್ ಕೊಳ್ಳೋಣವೋ, ಅಕೌಂಟಿಂಗ್ ಸಾಫ್ಟ್‌ವೇರ್ ಕೊಳ್ಳೋಣವೋ? ಎರಡೂ ಕಂಪ್ಯೂಟರಿನವೇ, ಎರಡಕ್ಕೂ ಚಂದಾ ಕಟ್ಟಬೇಕು, ಹಾಗಾಗಿ ಒಂದಿದ್ದರೆ ಸಾಕು ಎಂಬುದು ಸಮಿತಿಯ ತರ್ಕ.

ತರ್ಕಕ್ಕೆ ತಕ್ಕ ಹೋಲಿಕೆ ಪಟ್ಟಿಯೂ ತಯಾರಾಗುತ್ತದೆ. ‘ತಲೆಗೆಷ್ಟು ಜಾಗ’ ಎಂಬ ಸಾಲಿನಲ್ಲಿ ಸ್ಟೋರೇಜಿಗೆ 1 ಟೆರಾಬೈಟ್, ಸಾಫ್ಟ್‌ವೇರಿಗೆ ಅಡ್ಡಗೆರೆ. ‘ವಿಡಿಯೊ ಇಡಬಹುದೇ’ ಎಂಬಲ್ಲಿ ಒಂದಕ್ಕೆ ಹೌದು, ಇನ್ನೊಂದಕ್ಕೆ ಇಲ್ಲ. ‘ಟ್ರಯಲ್ ಬ್ಯಾಲೆನ್ಸ್ ಬರುತ್ತದೆಯೇ’, ಅಂದರೆ ಎಲ್ಲ ಖಾತೆಗಳ ಡೆಬಿಟ್ ಮೊತ್ತವೂ ಕ್ರೆಡಿಟ್ ಮೊತ್ತವೂ ಸಮವೇ ಎಂದು ತೋರಿಸುವ ವರದಿ ಸಿಗುತ್ತದೆಯೇ, ಎಂಬ ಸಾಲನ್ನು ಅಕೌಂಟ್ಸ್ ವಿಭಾಗದವರು ಸೇರಿಸಿರುತ್ತಾರೆ. ಪಟ್ಟಿ ಒಂದೇ ಪುಟಕ್ಕೆ ಹಿಡಿಸಬೇಕಲ್ಲ, ಅದನ್ನು ಅಳಿಸಲಾಗುತ್ತದೆ. ಸ್ಟೋರೇಜ್ ಸರ್ವಾನುಮತದಿಂದ ಗೆಲ್ಲುತ್ತದೆ.

ಗೆದ್ದ ಮೇಲೆ ‘ಅಕೌಂಟ್ಸ್’ ಎಂಬ ಫೋಲ್ಡರ್ ಹುಟ್ಟುತ್ತದೆ, ಅದರೊಳಗೊಂದು ಎಕ್ಸೆಲ್ ಹಾಳೆ. ಇಬ್ಬರು ತಂತಮ್ಮ ಕಂಪ್ಯೂಟರಿನಲ್ಲಿ ಒಂದೇ ಹೊತ್ತಿಗೆ ಅದನ್ನು ತೆರೆದು ಉಳಿಸುತ್ತಾರೆ. ಯಾರದ್ದು ಸರಿಯೆಂದು ತೀರ್ಮಾನಿಸುವುದು, ಕಡತಗಳನ್ನು ಎಲ್ಲ ಕಂಪ್ಯೂಟರಿನಲ್ಲೂ ಒಂದೇ ರೀತಿ ಇಡುವ ಸಿಂಕ್ ಸೇವೆಯ ಕೆಲಸವಲ್ಲ, ಅದು ಎರಡನ್ನೂ ಇಟ್ಟುಕೊಂಡು ಒಂದಕ್ಕೆ ‘ಕಾನ್‌ಫ್ಲಿಕ್ಟೆಡ್ ಕಾಪಿ’ ಎಂದು ಹೆಸರಿಡುತ್ತದೆ. ಒಂದೇ ಲೆಕ್ಕ ಎರಡು ಕಡೆ ಕಂಡದ್ದೇ ತಡ, ಪ್ರತಿ ವ್ಯವಹಾರವನ್ನೂ ಡೆಬಿಟ್, ಕ್ರೆಡಿಟ್ ಎಂದು ಎರಡು ಕಡೆ ಬರೆಯುವ ಡಬಲ್ ಎಂಟ್ರಿ ನಮ್ಮಲ್ಲೂ ಶುರುವಾಯಿತೆಂದು ಆಡಳಿತ ಮಂಡಳಿ ಹಿಗ್ಗುತ್ತದೆ. ಬ್ರೌಸರಿನಲ್ಲೇ ಎಲ್ಲರೂ ಸೇರಿ ಬರೆದರೆ ಈ ಗಲಾಟೆ ಇಲ್ಲ ನಿಜ. ಆದರೆ ಅಲ್ಲಿ ಒಬ್ಬರು ಮೊತ್ತದ ಸೂತ್ರದ ಮೇಲೆಯೇ ಅಂಕಿ ಒತ್ತಿ ಸುಮ್ಮನೆ ಎದ್ದು ಹೋಗುತ್ತಾರೆ. ಆಮೇಲೆ ಯಾವ ಸಾಲು ಸೇರಿಸಿದರೂ ಮೊತ್ತ ಅಲುಗಾಡುವುದಿಲ್ಲ. ವೆಚ್ಚ ನಿಯಂತ್ರಣಕ್ಕೆ ಬಂದಿದೆ ಎಂದು ವರದಿಯಾಗುತ್ತದೆ.

1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಗಣಿತ ಗ್ರಂಥದಲ್ಲಿ ಲೂಕಾ ಪಾಚೋಲಿ ಎಂಬ ಸನ್ಯಾಸಿ ವ್ಯಾಪಾರಿಗಳ ಮೂರು ಪುಸ್ತಕಗಳನ್ನು ವಿವರಿಸಿದ್ದ: ನಡೆದದ್ದನ್ನೆಲ್ಲ ಗೀಚಿಡುವ ಕಚ್ಚಾ ಪುಸ್ತಕ, ಅದರಿಂದ ತಾರೀಖುವಾರು ಬರೆಯುವ ಜರ್ನಲ್, ಜರ್ನಲ್‌ನಿಂದ ಖಾತೆವಾರು ಬರೆಯುವ ಲೆಡ್ಜರ್. ಐದು ಶತಮಾನ ದಾಟಿದ ಮೇಲೆ ನಾವು ಟೆರಾಬೈಟ್ ಕೊಂಡು ಮೊದಲನೇ ಪುಸ್ತಕಕ್ಕೆ ವಾಪಸಾಗಿದ್ದೇವೆ.

ಎಕ್ಸೆಲ್‌ಗೂ ಅದರದೇ ಹಟವಿದೆ. ಅದು ಸಂಖ್ಯೆಯಲ್ಲಿ 15 ಅಂಕಿಗಳನ್ನಷ್ಟೇ ನೆನಪಿಡುತ್ತದೆ. 16 ಅಂಕಿಯ ಬ್ಯಾಂಕ್ ಖಾತೆ ಸಂಖ್ಯೆ ಹಾಕಿದರೆ ಕೊನೆಯದು ಸೊನ್ನೆಯಾಗುತ್ತದೆ. ಮೊದಲಲ್ಲಿ ಸೊನ್ನೆಗಳಿದ್ದರೆ ಅವು ಮಾಯ. ಅಂಟಿಸುವ ಮೊದಲೇ ಆ ಕಾಲಂ ಅನ್ನು ‘ಟೆಕ್ಸ್ಟ್’ ಮಾಡಿರಬೇಕು, ಅಲ್ಪವಿರಾಮದಿಂದ ಅಂಕಣಗಳನ್ನು ಬೇರ್ಪಡಿಸಿದ ಸಿಎಸ್‌ವಿ ಕಡತವನ್ನು ಡಬಲ್ ಕ್ಲಿಕ್ ಮಾಡದೆ ಇಂಪೋರ್ಟ್ ಮಾಡಬೇಕು. ಹಾಗೆ ಮಾಡದಿದ್ದರೆ ಹಣ ವಾಪಸ್ ಬರುತ್ತದೆ, ಅಥವಾ ಗುರುತಿಲ್ಲದವರೊಬ್ಬರಿಗೆ ಶುಭದಿನವಾಗುತ್ತದೆ. ಹಳೆಯ ಎಕ್ಸ್‌ಎಲ್‌ಎಸ್ ಮಾದರಿಯಲ್ಲಾದರೆ 65,536 ಸಾಲಿಗೆ ಬಾಗಿಲು ಬಂದ್. 2020ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯವರು ಈ ಬಾಗಿಲಿಗೆ ತಲೆ ಚಚ್ಚಿಕೊಂಡು 15,841 ಕೋವಿಡ್ ಪ್ರಕರಣಗಳನ್ನು ದಿನದ ಲೆಕ್ಕದಿಂದ ಕಳೆದುಕೊಂಡರು. ಅಷ್ಟು ದೊಡ್ಡವರಿಗೇ ಆದದ್ದು ನಮಗೆ ಆಗಬಾರದೇ ಎಂಬ ಹುರುಪು ಹಲವು ಕಚೇರಿಗಳಲ್ಲಿದೆ.

ಇನ್ನು ಕೆಲಸ ಬಿಟ್ಟು ಹೋಗುವವರ ವಿಷಯ. ಫೋಲ್ಡರ್ ಕಂಪನಿಯದ್ದು ಎಂದು ಎಲ್ಲರೂ ನಂಬಿರುತ್ತಾರೆ. ಅದು ಇರುವುದು ಗೂಗಲ್ ಡ್ರೈವ್‌ನೊಳಗೆ ನೌಕರರೊಬ್ಬರ ಸ್ವಂತ ‘ಮೈ ಡ್ರೈವ್’ನಲ್ಲಿ. ಅವರು ಹೋದ ಮರುದಿನವೇ ಲೈಸೆನ್ಸ್ ಉಳಿಸಲೆಂದು ಐಟಿಯವರು ಖಾತೆ ಅಳಿಸುತ್ತಾರೆ, ಜೊತೆಗೆ ಕಡತಗಳೂ ಹೋಗುತ್ತವೆ. ಮೊದಲಿನಿಂದಲೇ ‘ಶೇರ್ಡ್ ಡ್ರೈವ್’ನಲ್ಲಿ ಇಟ್ಟಿದ್ದರೆ ಕಡತದ ಒಡೆತನ ಸಂಸ್ಥೆಯದ್ದಾಗಿರುತ್ತಿತ್ತು, ಅಥವಾ ಖಾತೆ ಅಳಿಸುವ ಮೊದಲು ಒಡೆತನ ವರ್ಗಾಯಿಸಿದ್ದರೂ ಸಾಕಿತ್ತು. ಕಸದ ಬುಟ್ಟಿಯಲ್ಲಿ ಹುಡುಕೋಣವೆಂದರೆ ಗೂಗಲ್ ಡ್ರೈವ್‌ನ ಬುಟ್ಟಿ 30 ದಿನಕ್ಕೆ ತಾನೇ ಖಾಲಿಯಾಗುತ್ತದೆ, ಕಚೇರಿಗಳ ಒನ್‌ಡ್ರೈವ್‌ನದ್ದು 93 ದಿನಕ್ಕೆ. ಆಡಿಟರ್ ಕೇಳುವುದು ಯಾವಾಗಲೂ ಹನ್ನೊಂದು ತಿಂಗಳ ಹಿಂದಿನ ವೋಚರನ್ನೇ.

ಮರುವರ್ಷ ಅದೇ ಸಮಿತಿ, ಅದೇ ಹುಮ್ಮಸ್ಸು. ಈ ಬಾರಿ ಗೆಲುವು ಅಕೌಂಟಿಂಗ್ ಸಾಫ್ಟ್‌ವೇರಿಗೆ. ಬದಲಾವಣೆಯ ಮುಹೂರ್ತ ತಿಂಗಳ 17ನೇ ತಾರೀಖು, ಕಾರಣ ಅಂದು ಎಲ್ಲರೂ ಬಿಡುವಾಗಿದ್ದಾರೆ. ಲೆಕ್ಕದ ವರ್ಷದ ಮೊದಲ ದಿನ, ಹೋಗಲಿ ತಿಂಗಳ ಮೊದಲ ದಿನವಾದರೂ ಶುರು ಮಾಡಬೇಕೆಂದವರಿಗೆ ನಕಾರಾತ್ಮಕ ಮನೋಭಾವದವರೆಂಬ ಪಟ್ಟ. ಗಿರಾಕಿಗಳಿಂದ ಬರಬೇಕಾದ ಬಾಕಿಯನ್ನು ಬಿಲ್ಲುವಾರು ತುಂಬದೆ ಒಟ್ಟು ಮೊತ್ತ ಒಂದೇ ಸಾಲಿನಲ್ಲಿ ಹಾಕುತ್ತಾರೆ. ಗಿರಾಕಿ ದುಡ್ಡು ಕಳಿಸಿದಾಗ ಅದನ್ನು ಯಾವ ಬಿಲ್ಲಿಗೆ ಜಮಾ ಮಾಡುವುದು? ಪಾವತಿಸಿದವರಿಗೂ ನೆನಪೋಲೆ ಹೋಗುತ್ತದೆ, ಪಾವತಿಸದವರು ಆರಾಮಾಗಿರುತ್ತಾರೆ. ಡೆಬಿಟ್ ಕ್ರೆಡಿಟ್ ತಾಳೆಯಾಗದ ವ್ಯತ್ಯಾಸವನ್ನೆಲ್ಲ, ಕಾರಣ ಸಿಗುವವರೆಗೆ ತಾತ್ಕಾಲಿಕವಾಗಿ ಇಡುವ ಸಸ್ಪೆನ್ಸ್ ಖಾತೆಗೆ ತಳ್ಳುತ್ತಾರೆ. ವ್ಯತ್ಯಾಸ 9ರಿಂದ ಭಾಗವಾಗುತ್ತಿದ್ದರೆ ಯಾರೋ 64ನ್ನು 46 ಎಂದು ಹೊಡೆದಿರಬಹುದು, ಮೊದಲು ಅದನ್ನು ಹುಡುಕಿ ಎಂದು ಹಳೆಯ ಗುಮಾಸ್ತರು ಹೇಳುತ್ತಿದ್ದರು. ಸಸ್ಪೆನ್ಸ್ ಖಾತೆ ಇರುವಾಗ ಭಾಗಾಕಾರ ಯಾರಿಗೆ ಬೇಕು.

ಎಲ್ಲರಿಗೂ ಅಡ್ಮಿನ್ ಹಕ್ಕು ಕೊಡುತ್ತಾರೆ, ನಂಬಿಕೆಯ ಸಂಕೇತವಾಗಿ. ಹೊಸ ಸರಬರಾಜುದಾರರ ಹೆಸರು ಸೇರಿಸುವವರು, ಅವರ ಬಿಲ್ ಒಪ್ಪುವವರು, ಹಣ ಕಳಿಸುವವರು ಬೇರೆ ಬೇರೆ ಇರಬೇಕೆಂಬ ನಿಯಮಕ್ಕೆ ಇಲ್ಲಿ ಜಾಗವಿಲ್ಲ. ಮುಗಿದ ತಿಂಗಳಿಗೆ ಲಾಕ್ ಹಾಕುವುದಿಲ್ಲ, ಹಾಗಾಗಿ ಕಳೆದ ವರ್ಷದ ಲಾಭ ಈ ವರ್ಷವೂ ಬದಲಾಗುತ್ತಿರುತ್ತದೆ.

ಎರಡೂ ಕೊಂಡ ಅಪರೂಪದ ಬುದ್ಧಿವಂತರೂ ಇದ್ದಾರೆ. ಅವರು ಕಂಪ್ಯೂಟರಿನ ಅಕೌಂಟಿಂಗ್ ಪ್ರೋಗ್ರಾಮಿನ ಡೇಟಾ ಫೋಲ್ಡರನ್ನೇ ಸಿಂಕ್ ಫೋಲ್ಡರಿನೊಳಗೆ ಇಡುತ್ತಾರೆ. ಪ್ರೋಗ್ರಾಮು ಒಂದು ಎಂಟ್ರಿಗೆ ಹಲವು ಕಡತಗಳನ್ನು ಒಟ್ಟಿಗೆ ಬರೆಯುತ್ತದೆ, ಸಿಂಕ್ ಅವನ್ನು ಒಂದೊಂದಾಗಿ ಅರ್ಧದಲ್ಲೇ ಎತ್ತಿಕೊಂಡು ಓಡುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ. ಇಂಡೆಕ್ಸ್ ಹೊಸದು, ಡೇಟಾ ಹಳೆಯದು, ಕಡತ ತೆರೆಯುವುದಿಲ್ಲ. ಹಾಳಾದ ಆ ಕಡತವನ್ನೂ ಸಿಂಕ್ ನಿಷ್ಠೆಯಿಂದ ಎಲ್ಲ ಕಂಪ್ಯೂಟರಿಗೂ ತಲುಪಿಸುತ್ತದೆ. ರ‍್ಯಾನ್ಸಮ್‌ವೇರ್ (ಕಡತಗಳಿಗೆ ಬೀಗ ಜಡಿದು ದುಡ್ಡು ಕೇಳುವ ಕುತಂತ್ರಾಂಶ) ಬಂದರೂ ಅದೇ ನಿಷ್ಠೆ.

ಇದಕ್ಕೆ ಮದ್ದು ದೊಡ್ಡದೇನಲ್ಲ. ಡೇಟಾವನ್ನು ಸಿಂಕ್‌ನ ಹೊರಗಿಟ್ಟು, ಪ್ರತಿ ಸಂಜೆ ಪ್ರೋಗ್ರಾಮಿನ ಸ್ವಂತ ಬ್ಯಾಕಪ್ ತೆಗೆದು, ತಾರೀಖು ಹಾಕಿದ ಆ ಒಂದು ಕಡತವನ್ನು ಮಾತ್ರ ಕ್ಲೌಡಿಗೆ ಕಳಿಸಬೇಕು. ಒಟ್ಟು ಮೂರು ಪ್ರತಿ, ಎರಡು ಬಗೆಯ ಮಾಧ್ಯಮದಲ್ಲಿ, ಒಂದು ಕಚೇರಿಯ ಆಚೆ. ಮೂರು ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ರಿಸ್ಟೋರ್ ಮಾಡಿ, ಟ್ರಯಲ್ ಬ್ಯಾಲೆನ್ಸ್ ಅದೇ ಬರುತ್ತದೆಯೇ ನೋಡಬೇಕು.

ಈ ಕೊನೆಯ ಕೆಲಸವನ್ನು ಮಾಡುವವರು ಕಡಿಮೆ. ಮಾಡಿದ ದಿನ ಗೊತ್ತಾಗುವುದು, ದಿನವೂ ಶ್ರದ್ಧೆಯಿಂದ ಕ್ಲೌಡಿಗೆ ಏರುತ್ತಿದ್ದದ್ದು ಡೇಟಾ ಅಲ್ಲ, ಡೆಸ್ಕ್‌ಟಾಪಿನ ಶಾರ್ಟ್‌ಕಟ್, ಗಾತ್ರ 2 ಕಿಲೋಬೈಟ್. ಸಮಿತಿ ಅದನ್ನೂ ದಾಖಲಿಸಿಕೊಳ್ಳುತ್ತದೆ: ಸ್ಟೋರೇಜ್ ಬಳಕೆಯಲ್ಲಿ ಗಣನೀಯ ಉಳಿತಾಯ.