ಸುಮ್ಮನೆ ಓಡುವವನ ದಾರಿಗಳು

ನಮ್ಮ ಸಿರಸಿ ಸೀಮೆಯ ಹಳ್ಳಿಗಳಲ್ಲಿ ಮನುಷ್ಯ ಓಡುವುದಕ್ಕೆ ಊರೊಪ್ಪುವ ಕಾರಣಗಳು ಕೆಲವೇ. ಬಸ್ಸು ತಪ್ಪುವಂತಿರಬೇಕು, ದನ ತೋಟಕ್ಕೆ ನುಗ್ಗಿರಬೇಕು, ಜೇನು ಎದ್ದಿರಬೇಕು, ಇಲ್ಲವೇ ಯಾರಿಗಾದರೂ ಆರಾಮಿಲ್ಲದೆ ಸುದ್ದಿ ಮುಟ್ಟಿಸಬೇಕಾಗಿರಬೇಕು. ಇವು ಯಾವುವೂ ಇಲ್ಲದೆ, ಕಿತ್ತಳೆ ಬಣ್ಣದ ಬೂಟು ತೊಟ್ಟು ಬೆಳ್ಳಂಬೆಳಗ್ಗೆ ಬೆಟ್ಟ, ಬ್ಯಾಣವೆಂಬ ಹುಲ್ಲುಬಯಲುಗಳ ಮೇಲೆ ಓಡುವವನನ್ನು ಏನೆಂದು ತಿಳಿಯಬೇಕೆಂಬ ಬಗ್ಗೆ ಊರಿನಲ್ಲಿ ಇನ್ನೂ ಒಮ್ಮತ ಮೂಡಿಲ್ಲ. ಬೆಂಗಳೂರಿನ ಪಾರ್ಕಿನಲ್ಲಿ ಓಡುತ್ತಿದ್ದಾಗ ನನ್ನತ್ತ ಯಾರೂ ತಿರುಗಿ ನೋಡಿದ್ದಿಲ್ಲ. ಮನೆಯಿಂದಲೇ ಕೆಲಸ ಮಾಡುವ ಅನುಕೂಲವಾಗಿ ಊರಿಗೆ ಬಂದ ಮೇಲೆ ನನ್ನ ಓಟವು ಸಾರ್ವಜನಿಕ ವಿಚಾರಣೆಗೆ ಒಳಪಟ್ಟಿದೆ.

ಓಟದ ಬಗ್ಗೆ ಉಪದೇಶ ಮಾಡುವವರೆಲ್ಲ, ಮೊದಲು ಸಮತಟ್ಟಾದ ನೆಲದಲ್ಲಿ ಮೈ ಬಿಸಿ ಮಾಡಿಕೊಂಡು ಆಮೇಲೆ ಏರು ಹತ್ತಿ ಎನ್ನುತ್ತಾರೆ. ಅವರು ಅಡಿಕೆ ಸೀಮೆಯ ಮನೆಗಳನ್ನು ಕಂಡವರಲ್ಲ. ನಮ್ಮಲ್ಲಿ ನೀರಿರುವ ಕಣಿವೆಯ ತಳದಲ್ಲಿ ತೋಟ, ತೋಟದ ತಲೆಯ ಮೇಲೆ ಮನೆ, ಮನೆಯ ಹಿಂದೆ ಸೊಪ್ಪಿನ ಬೆಟ್ಟ, ಇವೆಲ್ಲವುಗಳ ನೆತ್ತಿಯ ಮೇಲೆ ಡಾಂಬರು ರಸ್ತೆ. ಹಾಗಾಗಿ ಹೊಸ್ತಿಲು ದಾಟಿದ ಮರುಕ್ಷಣದಿಂದಲೇ ಏರು ಶುರು. ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ತರಲೆಂದು ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಬಿಟ್ಟುಕೊಡುವ ಪದ್ಧತಿ ಈ ಜಿಲ್ಲೆಯಲ್ಲಿ ಬ್ರಿಟಿಷರ ಕಾಲದಿಂದಲೂ ಇರುವುದರಿಂದ ಓಡುವವನಿಗೆ ಜಾಗಕ್ಕೇನೂ ಬರವಿಲ್ಲ. ಆದರೆ ಬೆಟ್ಟಕ್ಕೆ ಅಗಳವೆಂಬ ಕಂದಕ, ಅಗಳದ ಮೇಲೆ ಬೇಲಿ, ಬೇಲಿಗೊಂದು ದಣಪೆ.

ದಣಪೆಯನ್ನು ದಾಟುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಎರಡು ಗೂಟಗಳಿಗೆ ತೂತು ಕೊರೆದು ಅಡ್ಡಡ್ಡ ಗಳುಗಳನ್ನು ತೂರಿಸಿರುತ್ತಾರೆ. ಮೇಲಿನ ಗಳುವನ್ನು ಒಂದು ಬದಿಗೆ ಸರಿಸಬೇಕು, ಅದು ಮಳೆಗೆ ಉಬ್ಬಿಕೊಂಡಿದ್ದರೆ ಗುದ್ದಬೇಕು, ಆಮೇಲೆ ಎರಡನೆಯದನ್ನು ಸರಿಸಿ, ಮೂರನೆಯದರ ಮೇಲೆ ಕಾಲೆತ್ತಿ ದಾಟಿ, ತಿರುಗಿ ನಿಂತು ಎಲ್ಲವನ್ನೂ ಮೊದಲಿನಂತೆಯೇ ತೂರಿಸಬೇಕು. ಇಷ್ಟರಲ್ಲಿ ಕೈಗಡಿಯಾರವು ‘ಓಟ ಸ್ಥಗಿತಗೊಂಡಿದೆ’ ಎಂದು ಕಂಪಿಸಿ ತಿಳಿಸುತ್ತದೆ. ಹಾರಿಬಿಟ್ಟರಾಗದೇ ಎಂದು ಪೇಟೆಯ ಗೆಳೆಯರು ಕೇಳುತ್ತಾರೆ. ಹಾರಬಹುದು, ಹಾಗೆ ಹಾರಿದ ದಿನ ಮೇಲಿನ ಗಳು ಬೂಟಿಗೆ ಸಿಕ್ಕಿ ನನ್ನೊಂದಿಗೇ ಅಗಳಕ್ಕೆ ಬಂದಿತು. ಹಾಗೆಂದು ದಣಪೆಯನ್ನು ತೆರೆದಿಟ್ಟು ಮುಂದೆ ಹೋಗುವ ಮಾತೇ ಇಲ್ಲ. ಸಾಲ ತೀರಿಸದವನನ್ನು ಊರು ಕ್ಷಮಿಸೀತು, ದಣಪೆ ಹಾಕದೆ ಹೋದವನ ಹೆಸರು ಮೊಮ್ಮಕ್ಕಳ ಮದುವೆಯ ಮಾತುಕತೆಯಲ್ಲೂ ಬರುತ್ತದೆ.

ಇನ್ನೊಂದು ತೊಡಕೆಂದರೆ ನಮ್ಮ ಕಾಲುದಾರಿಗಳು ಮನೆಗಳನ್ನು ಬಳಸಿ ಹೋಗುವುದಿಲ್ಲ, ನೇರವಾಗಿ ಅಂಗಳದ ಮೇಲೆಯೇ ಹಾಯುತ್ತವೆ. ಕೊನೆಕೊಯ್ಲಿನ ಕಾಲದಲ್ಲಿ ಅಂಗಳದ ತುಂಬ ಬೇಯಿಸಿದ ಅಡಿಕೆ ಒಣಗುತ್ತಿರುತ್ತದೆ, ಓಟಗಾರನು ಅದರ ಅಂಚಿನಲ್ಲಿ ತುದಿಗಾಲಿನಲ್ಲಿ ನಡೆಯಬೇಕು. ಮೇಲಿನಮನೆಯ ಜಗುಲಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದ ಅಜ್ಜಿ ನನ್ನನ್ನು ಕಂಡವರೇ ಕೈ ನಿಲ್ಲಿಸಿದರು.

“ಎಂತದಾ ತಮಾ, ಯಾರಿಗೆ ಆರಾಮಿಲ್ಲೆ?”

“ಯಾರಿಗೂ ಎಂತೂ ಆಜಿಲ್ಲೆ ಅಜ್ಜಿ, ಸುಮ್ನೆ ಓಡ್ತಾ ಇದ್ದಿ.”

“ಸುಮ್ನೆ ಎಂತಕ್ಕೆ ಓಡವು?”

ಹೃದಯದ ಆರೋಗ್ಯ, ಸಕ್ಕರೆ ಕಾಯಿಲೆಯ ಭಯ, ಮನಸ್ಸಿನ ಉಲ್ಲಾಸ ಎಂದೆಲ್ಲ ಏದುಸಿರಿನಲ್ಲೇ ವಿವರಿಸಿದೆ. ಅಜ್ಜಿ ಸಹನೆಯಿಂದ ಎಲ್ಲವನ್ನೂ ಕೇಳಿ, ನಾನು ಯಾರ ಸುದ್ದಿಯನ್ನೋ ಬಾಯಿಬಿಡಲಾರದೆ ಒದ್ದಾಡುತ್ತಿದ್ದೇನೆಂಬ ತೀರ್ಮಾನಕ್ಕೆ ಬಂದು ಒಳಗೆ ಫೋನಿನ ಕಡೆ ನಡೆದರು. ನಾನು ಹಳ್ಳ ದಾಟಿ ಆಚೆ ದಿಂಬ ಹತ್ತುವಷ್ಟರಲ್ಲಿ ಮೂರನೆಯ ಮನೆಯ ಭಾವ ಅಂಗಿ ತೊಟ್ಟು, ಬೈಕು ಹೊರಗಿಟ್ಟು ಕಾಯುತ್ತಿದ್ದರು. “ಕೆಳಗಿನಮನೆ ಮಾವಂಗೆ ಜೋರಾಯ್ದಡ, ಹೌದನಾ?” ಎಂದು ಕೇಳಿದರು. ಸದರಿ ಮಾವ ಆ ಹೊತ್ತಿಗೆ ತಮ್ಮ ಮನೆಯಲ್ಲಿ ತೆಳ್ಳೇವು ತಿನ್ನುತ್ತಿದ್ದರು. ಮಧ್ಯಾಹ್ನದವರೆಗೂ ತಮ್ಮನ್ನು ನೋಡಲು ಬಂದವರಿಗೆಲ್ಲ ಚಹಾ ಕೊಟ್ಟು ಸುಸ್ತಾದರೆಂದು ಆಮೇಲೆ ತಿಳಿಯಿತು.

ಮಳೆಗಾಲದಲ್ಲಿ ಪ್ರಶ್ನೆ ಕೇಳುವವರು ಕಡಿಮೆ, ಆದರೆ ಉಂಬಳ, ಅಂದರೆ ಕಾಡಿನ ಜಿಗಣೆ, ಹೆಚ್ಚು. ಓಡುವವನ ಕಾಲಿಗೆ ಉಂಬಳ ಹತ್ತುವುದಿಲ್ಲವೆಂಬುದು ಬಹಳ ಮಟ್ಟಿಗೆ ನಿಜ. ದರಕಿನ ಮೇಲೆ ನೆಟ್ಟಗೆ ನಿಂತು ತೂಗುತ್ತಿರುವ ಆ ಪ್ರಾಣಿಗೆ ದಾಟಿಹೋದ ಕಾಲನ್ನು ಅಟ್ಟಿಸಿಕೊಂಡು ಬರುವ ಶಕ್ತಿಯಿಲ್ಲ. ಆದರೆ ದಣಪೆಯ ಬಳಿ ನಿಲ್ಲಲೇಬೇಕಲ್ಲ! ಬೆಟ್ಟದ ಸಮಸ್ತ ಉಂಬಳಗಳೂ ಈ ಸತ್ಯವನ್ನು ಅರಿತು ಅಲ್ಲಿಯೇ ವಾಸವಾಗಿವೆ. ಅದರ ಜೊಲ್ಲಿನಲ್ಲಿರುವ ವಸ್ತುವೊಂದು ರಕ್ತವನ್ನು ಹೆಪ್ಪುಗಟ್ಟಲು ಬಿಡದ ಕಾರಣ, ಅದು ಹೊಟ್ಟೆ ತುಂಬಿ ಉದುರಿದ ಮೇಲೂ ರಕ್ತ ಹರಿಯುತ್ತಲೇ ಇರುತ್ತದೆ. ನೋವಂತೂ ಗೊತ್ತೇ ಆಗುವುದಿಲ್ಲ. ಕೆಂಪಾದ ಬಿಳಿ ಕಾಲುಚೀಲದೊಡನೆ ನಾನು ಜಗುಲಿ ಹತ್ತಿದಾಗ, ಮನೆಗೆ ಬಂದಿದ್ದ ಬೆಂಗಳೂರಿನ ನೆಂಟರೊಬ್ಬರು ಆಂಬುಲೆನ್ಸಿಗೆ ಫೋನು ಮಾಡಲು ಹೊರಟರು, ಅಪ್ಪ ಮಾತ್ರ ತಲೆಯೆತ್ತದೆ ಕವಳದ ಬಟ್ಟಲಿನಿಂದ ಸುಣ್ಣದ ಡಬ್ಬಿಯನ್ನು ನನ್ನತ್ತ ತಳ್ಳಿದರು.

ಉಂಬಳ ಮುಗಿಯಿತೆನ್ನುವಾಗ ಉಣುಗಿನ, ಅಂದರೆ ರಕ್ತ ಹೀರುವ ಉಣ್ಣಿಯ ಸರದಿ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮ ನೆರೆಯ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ. ಅದನ್ನು ಹರಡುವ ಉಣುಗು ಒಣ ತಿಂಗಳುಗಳಲ್ಲಿ ಹೆಚ್ಚು. ಇದರಲ್ಲಿ ನಗುವಂಥದ್ದೇನೂ ಇಲ್ಲದ್ದರಿಂದ ಆಗ ನಾನು ಕಾಡಿನ ದಾರಿ ಬಿಟ್ಟು ಡಾಂಬರು ರಸ್ತೆ ಹಿಡಿಯುತ್ತೇನೆ. ಅಲ್ಲಿ ಬಸ್ಸಿನ ಕಾಟ. ಮುಂದೆ ಓಡುತ್ತಿರುವವನನ್ನು ಕಂಡ ಚಾಲಕರು ದಯೆಯಿಂದ ಬಸ್ಸು ನಿಲ್ಲಿಸುತ್ತಾರೆ, ಕಂಡಕ್ಟರು ಬಾಗಿಲು ತೆರೆದು “ಬರ್ರಿ ಬರ್ರಿ, ಲಗೂನ” ಎನ್ನುತ್ತಾರೆ, ಕಿಟಕಿಗಳಿಂದ ತಲೆಗಳು ಹೊರಬರುತ್ತವೆ. ತನಗಾಗಿಯೇ ನಿಂತ ಬಸ್ಸನ್ನು ಬೇಡವೆನ್ನುವುದು ಎಷ್ಟು ಕಷ್ಟವೆಂಬುದು ಅನುಭವಿಸಿದವರಿಗೇ ಗೊತ್ತು. ಒಮ್ಮೆ ದಾಕ್ಷಿಣ್ಯಕ್ಕೆ ಬಿದ್ದು ಹತ್ತಿಯೇಬಿಟ್ಟೆ. ಟಿಕೇಟು ತೆಗೆಸಿ, ಯಾರದೋ ತರಕಾರಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಮುಂದಿನ ಕ್ರಾಸಿನಲ್ಲಿ ಇಳಿದೆ. ಕೈಗಡಿಯಾರವು ಅದನ್ನು ನನ್ನ ಜೀವಮಾನದ ಅತಿ ವೇಗದ ಕಿಲೋಮೀಟರೆಂದು ದಾಖಲಿಸಿ ಅಭಿನಂದನೆ ತಿಳಿಸಿತು. ಆ ದಾಖಲೆಯನ್ನು ಮುರಿಯಲು ಇಂದಿಗೂ ನನ್ನಿಂದಾಗಿಲ್ಲ.

ಕುಮಟಾದ ಷಡ್ಡಕರು ಈ ರಗಳೆಗಳನ್ನು ಕೇಳಿ, ಘಟ್ಟ ಇಳಿದು ಬಂದು ಸಮುದ್ರದಂಡೆಯಲ್ಲಿ ಓಡು ಎಂದರು. ಒಣ ಮರಳಿನ ಮೇಲೆ ಓಡಲು ಗಟ್ಟಿ ನೆಲಕ್ಕಿಂತ ಸುಮಾರು 1.6 ಪಟ್ಟು ಶಕ್ತಿ ಬೇಕೆಂಬುದನ್ನು ಅವರು ಹೇಳಲಿಲ್ಲ. ಅಲ್ಲಿ ನಾನು ಓಡಿದ್ದಕ್ಕಿಂತ ಹೂತದ್ದೇ ಹೆಚ್ಚು.

ನಿಜವಾಗಿ ಓಡಲು ಹೇಳಿ ಮಾಡಿಸಿದ ಜಾಗವೆಂದರೆ ಬ್ಯಾಣ. ದಿಂಬದ ಮೇಲೆ ಮರವಿಲ್ಲದ ಹುಲ್ಲುಬಯಲು, ಅಲ್ಲಲ್ಲಿ ತಲೆಯೆತ್ತಿದ ಕೆಂಪು ಜಂಬಿಟ್ಟಿಗೆ, ಕೌಳಿಕಾಯಿಯ ಮಟ್ಟಿ, ಕೆಳಗೆ ಕಣಿವೆಯ ತುಂಬ ಇಬ್ಬನಿ. ದಣಪೆಯಿಲ್ಲ, ಅಂಗಳವಿಲ್ಲ, ಅಜ್ಜಿಯೂ ಇಲ್ಲ. ಅಲ್ಲಿರುವುದು ಕಾಡುಕೋಣ. ಬಲಿತ ಗಂಡು ಸಾವಿರ ಕಿಲೋದ ಆಸುಪಾಸು ತೂಗುವ ಆ ಪ್ರಾಣಿ ಒಂದು ಬೆಳಗ್ಗೆ ಇಬ್ಬನಿಯಿಂದ ಎದ್ದುಬಂದು, ಮಂಡಿಯವರೆಗಿನ ತನ್ನ ಬಿಳಿ ಕಾಲುಚೀಲವನ್ನು ತೋರಿಸುತ್ತ ದಾರಿಯ ಮಧ್ಯದಲ್ಲಿ ನಿಂತಿತು. ನಾನೂ ನಿಂತೆ. ಅದು ಮೂಗಿನಿಂದ ಸುಂಯ್ಯೆಂದು ಉಸಿರು ಬಿಟ್ಟು ನನ್ನ ಬೂಟಿನ ಬಣ್ಣವನ್ನು ಪರಿಶೀಲಿಸುತ್ತಿದ್ದಾಗ, ಕೈಗಡಿಯಾರ ಮಣಿಕಟ್ಟಿನ ಮೇಲೆ ಗುಯ್‌ಗುಟ್ಟಿ, ಬಹಳ ಹೊತ್ತಿನಿಂದ ನಿಂತಲ್ಲೇ ನಿಂತಿದ್ದೀರಿ, ದಯವಿಟ್ಟು ಚಲಿಸಿ ಎಂಬ ಸಲಹೆ ಕೊಟ್ಟಿತು. ಯಂತ್ರದ ಮಾತನ್ನು ಕಾಡುಕೋಣ ಪಾಲಿಸಿತೆಂದೇ ಹೇಳಬೇಕು. ಅದು ಮಟ್ಟಿಯೊಳಗೆ ಸರಿದುಹೋಯಿತು.

ಈಚೆಗೆ ಊರಿನವರು ನನ್ನ ಓಟಕ್ಕೆ ತಾವೇ ಒಂದು ಕಾರಣ ಹುಡುಕಿಕೊಟ್ಟಿದ್ದಾರೆ. “ಹೆಂಗೂ ಆ ಬದಿಗೆ ಹೋಗ್ತೆ ಅಲ್ದಾ” ಎಂದು ಮೊದಲು ಬಂದದ್ದು ಮೇಲಿನಮನೆ ಅಜ್ಜಿಯ ಮೊಸರಿನ ಹೆಪ್ಪು; ಆಮೇಲೆ ದನದ ಔಷಧ, ಕತ್ತಿಗೆ ಹೊಸ ಹಿಡಿ, ಸತ್ಯನಾರಾಯಣ ಪೂಜೆಯ ಪ್ರಸಾದ. ಈಗ ದಾರಿಯನ್ನು ಆರಿಸುವವನು ನಾನಲ್ಲ. ಹಿಂದಿನ ರಾತ್ರಿ ಬರುವ ಫೋನುಗಳೇ ಅದನ್ನು ಗೊತ್ತುಮಾಡುತ್ತವೆ. ನಾಳೆ ಸಂಕ ದಾಟಿ ಹಳ್ಳದಂಚಿನ ದಾರಿ, ಏಕೆಂದರೆ ಮೂರನೆಯ ಮನೆಯ ಭಾವನ ಮಗನ ಉಪನಯನದ ಕರೆಯೋಲೆಗಳನ್ನು ಆ ಸಾಲಿನ ಮನೆಗಳಿಗೆಲ್ಲ ಕೊಡಬೇಕಾಗಿದೆ. ಓಡುತ್ತ ಕೊಟ್ಟರೆ ಕರೆದಂತಾಗುವುದಿಲ್ಲವೆಂದೂ, ಪ್ರತಿ ಮನೆಯಲ್ಲೂ ಕೂತು, ಆಸರಿಗೆ ಕುಡಿದು, ಬಾಯ್ತುಂಬ ಕರೆದು ಬರಬೇಕೆಂದೂ ಭಾವ ಕಟ್ಟುನಿಟ್ಟಾಗಿ ಹೇಳಿದ್ದಾರೆ.